ಮೇಯ್ ಬೆನ್ನಿಗಿಟ್ಟ ಬೆರಳು

ಒಣಗಿದ ಕಿತ್ತಳೆ ಸಿಪ್ಪೆಯ ವಾಸನೆ ಬಂದರೆ ಈಗಲೂ ನನಗೆ ಅಮೆರಿಕದ ಸ್ಯಾನ್ ಹೊಸೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಏಳು ವರ್ಷ. ಅಪ್ಪ ಅಮ್ಮ ಆಫೀಸಿನಿಂದ ಬರುವವರೆಗೆ ಪಕ್ಕದ ಮನೆಯ ಚೀನೀ ಅಜ್ಜಿ ತಮ್ಮ ಮೊಮ್ಮಗಳು ಮೇಯ್ ಜೊತೆ ನನ್ನನ್ನೂ ನೋಡಿಕೊಳ್ಳುತ್ತಿದ್ದರು. ನಾವು ಚಾಡಿ ಹೇಳಿದರೆ ಬೆನ್ನಿಗೆ ಬೆರಳಿನಿಂದ ತಿವಿದು "ಡುಕ್ ಬುಯ್ ಜೆಕ್" ಅನ್ನುತ್ತಿದ್ದರು. ನಂಬಿದವರ ಬೆನ್ನಿಗೆ ಚುಚ್ಚುವುದಕ್ಕೆ ಅವರ ಕ್ಯಾಂಟೊನೀಸ್ ಮಾತು ಅದು.

ಮೇಯ್‌ಳ ಚಿಕ್ಕಪ್ಪ ಕೆಲಸ ಕಳೆದುಕೊಂಡು, ಬಾಡಿಗೆ ಕರಾರಿನಲ್ಲಿ ಹೆಸರಿಲ್ಲದಿದ್ದರೂ ಸಂಸಾರ ಸಮೇತ ಗುಟ್ಟಾಗಿ ಆ ಮನೆ ಸೇರಿಕೊಂಡಿದ್ದರು. ಯಾರಿಗೂ ಹೇಳಬೇಡ ಎಂದು ಅಜ್ಜಿ ನನ್ನ ಕೆನ್ನೆ ಹಿಡಿದು ಹೇಳಿದ್ದರು. ಆದರೂ ಅಪಾರ್ಟ್‌ಮೆಂಟಿನ ಮ್ಯಾನೇಜರು ಆ ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ನಗುತ್ತಾ ಕೇಳಿದಾಗ, ಬೆರಳು ಮಡಚುತ್ತಾ ಎಲ್ಲರ ಹೆಸರೂ ಹೇಳಿಬಿಟ್ಟೆ.

ಮನೆ ಖಾಲಿ ಮಾಡಿ ಎಂಬ ನೋಟೀಸು ಬಂದ ಮಧ್ಯಾಹ್ನ, ಕಿತ್ತಳೆ ಸಿಪ್ಪೆ ಒಣಗಲು ಹರವಿದ್ದ ಕಿಟಕಿಯ ಬಳಿ ಮೇಯ್ ಕೈ ಹಿಡಿದು ಕೂತಿದ್ದ ಅಜ್ಜಿ "ಯಾರು ಹೇಳಿದ್ದು?" ಎಂದು ಮೆಲ್ಲಗೆ ಕೇಳಿದರು. ನಾನು ಮೇಯ್ ಬೆನ್ನಿಗೆ ಬೆರಳಿಟ್ಟು "ಡುಕ್ ಬುಯ್ ಜೆಕ್" ಅಂದೆ. ಉಚ್ಚಾರಣೆ ಸರಿಯಾಗಿಯೇ ಇತ್ತು.

ಅಜ್ಜಿ ಬೈಯಲಿಲ್ಲ. ಮೇಯ್ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು ಒಳಗೆ ಹೋದರು. ಮೇಯ್ ನನ್ನನ್ನೇ ನೋಡಿದಳು.

ಸಂಜೆ ಅಮ್ಮ, "ಪಾಪ ಕಣೆ, ಯಾರು ಹೇಳಿದ್ರಂತೆ?" ಅಂದಳು.

"ಐ ಡೋಂಟ್ ನೋ," ಅಂದೆ.

ಆ ಶನಿವಾರ ಅವರೆಲ್ಲ ಹೊರಟರು. ಎಲ್ಲಿಗೆ ಅಂತ ಮೇಯ್ ನನಗೆ ಹೇಳಿ ಹೋಗಲಿಲ್ಲ.