ಸುಟ್ಟ ಗೋಡೆಗೆ ನೀರು

ಮಗಳನ್ನು ಕೊಂದ ಬೆಂಕಿ ಅಡುಗೆಮನೆಯ ಗೋಡೆಯನ್ನೂ ಬಿಟ್ಟಿರಲಿಲ್ಲ. ಒಡೆಸಿಬಿಡಬೇಕೆಂದು ಶಂಕ್ರವ್ವ ಹೊರಟಾಗ ಪಕ್ಕದ ಮನೆಯ ಗಾರೆಕೆಲಸದ ಗೌಂಡಿ ಫಕೀರಪ್ಪ ತಡೆದ.

“ಒಡಸಬ್ಯಾಡ ತಂಗೆವ್ವಾ. ಗೋಣಿತಾಟು ಕಟ್ಟಿ ದಿನಾ ನೀರು ಕುಡಸು. ಸುಟ್ಟ ಸಿಮೆಂಟಿಗೆ ನೀರು ಬಿದ್ರ ಮತ್ತ ಜೀವ ಬರ್ತೈತಿ.”

ಅಂದಿನಿಂದ ಅವಳಿಗೆ ಅದೇ ಧ್ಯಾನ. ಹಿತ್ತಲ ಒಲೆ ಹಚ್ಚುವ ಮುಂಚೆ, ಪಾತ್ರೆ ತೊಳೆದ ಮೇಲೆ, ಕೊಡ ತಂದು ಹಸುಗೂಸಿಗೆ ಎರೆಯುವ ಹಾಗೆ ಮೆಲ್ಲಗೆ ಸುರಿಯುತ್ತಿದ್ದಳು. ನೀರು ಹೀರುವಾಗ ಗೋಡೆ ಸುಯ್ಯೆನ್ನುತ್ತಿತ್ತು. ಅವಳು ಅದಕ್ಕೆ ಕಿವಿಯಾನಿಸಿ, “ಇನ್ನೂ ಬೇಕೇನವ್ವಾ?” ಎನ್ನುತ್ತಿದ್ದಳು.

ಒಂದು ದಿನ ಫಕೀರಪ್ಪ ಬಂದು ಸುತ್ತಿಗೆಯಿಂದ ಬಡಿದು ನೋಡಿದ. ಗೋಡೆ ಠಣ್ ಎಂದಿತು.

“ನೋಡಿದೇನ, ಹೆಂಗ ಗಟ್ಟಿ ಆಗೈತಿ! ನನ್ನ ಮಾತು ಸುಳ್ಳಾತೇನು? ಇನ್ನ ನೀರು ಸಾಕು, ನಿಲ್ಲಸವ್ವಾ.”

ಶಂಕ್ರವ್ವ ಕೊಡವನ್ನು ಕೆಳಗಿಡಲಿಲ್ಲ.

“ಸುಟ್ಟದ್ದಕ್ಕ ನೀರು ಬೇಕಂತ ನಿನಗ ಗೊತ್ತಿತ್ತಲ್ಲ ಅಣ್ಣಾ,” ಎಂದಳು ಮೆತ್ತಗೆ. “ಮತ್ತ ಆವತ್ತು ನನ್ನ ಮಗಳು ನೀರು ನೀರು ಅಂತ ಒದರುವಾಗ, ಸುಟ್ಟ ಮೈಗೆ ನೀರು ಬಿದ್ರ ಗುಳ್ಳಿ ಏಳ್ತಾವ ಅಂತ ನನ್ನ ಕೈಯಾಗಿನ ಕೊಡ ಯಾಕ ಕಸಗೊಂಡಿ?”