ಸುತ್ತಿಗೆ ತಾತನ ಪರೀಕ್ಷೆ

"ಈಗ ಐದು ಪದ ಹೇಳ್ತೀನಿ, ಸ್ವಲ್ಪ ಹೊತ್ತಾದ ಮೇಲೆ ನೀವು ಅವನ್ನ ನನಗೆ ವಾಪಸ್ ಹೇಳ್ಬೇಕು," ಎಂದು ಡಾಕ್ಟರಮ್ಮ ಮಾತು ಮುಗಿಸುವ ಮೊದಲೇ ತಾತ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಒಪ್ಪಿಸಿಬಿಟ್ಟ. "ಗುಲಾಬಿ, ಚಪ್ಪಲಿ, ರೈಲು, ನಿಂಬೆಹಣ್ಣು, ಕಿಟಕಿ!"

ಪಕ್ಕದಲ್ಲಿದ್ದ ಮೊಮ್ಮಗಳು ನಾಲಿಗೆ ಕಚ್ಚಿಕೊಂಡಳು. ಕೆಲಸ ಕೆಟ್ಟಿತು! ಹೋದ ಸಲ ಬಂದಾಗ ಡಾಕ್ಟರಮ್ಮ ಕೇಳಿದ್ದು ಇವೇ ಪದಗಳು. ಆವತ್ತು ತಾತ ತಲೆ ಕೆರೆದುಕೊಂಡು ಕುಳಿತಿದ್ದ, ಬಾಯಿಪಾಠವಾಗಿದ್ದು ಅವಳಿಗೆ. ಈ ವಾರವೆಲ್ಲ ಹಲ್ಲುಜ್ಜುವಾಗ, ಊಟಕ್ಕೆ ಕುಳಿತಾಗ, ಕೊನೆಗೆ ಇಲ್ಲಿಗೆ ಬರುವ ಬಸ್ಸಿನಲ್ಲೂ ಅಮ್ಮನಿಗೆ ಕೇಳಿಸದಂತೆ ಗಿಳಿಪಾಠ ಮಾಡಿಸಿದ್ದಳು. ಕೇಳಿದ ಮೇಲಷ್ಟೇ ಹೇಳಬೇಕು ಎಂಬುದನ್ನು ಮಾತ್ರ ಕಲಿಸಿರಲಿಲ್ಲ.

ಈ ಕಳ್ಳಾಟಕ್ಕೆಲ್ಲ ಕಾರಣ ಅಮ್ಮ. ತಾತ ಒಂದು ಕಾಲದಲ್ಲಿ ಕಾರ್ಖಾನೆಯ ಫುಟ್‌ಬಾಲ್ ತಂಡದ ಸೆಂಟರ್ ಫಾರ್ವರ್ಡ್. ಮೇಲಿಂದ ಬಂದ ಚೆಂಡನ್ನು ಹಣೆಯಿಂದ ಗುದ್ದಿ ಗೋಲಿಗೆ ನುಗ್ಗಿಸುತ್ತಿದ್ದುದಕ್ಕೆ ಊರೆಲ್ಲ ಅವನನ್ನು 'ಸುತ್ತಿಗೆ' ಎಂದೇ ಕರೆಯುತ್ತಿತ್ತು. ಮೊಮ್ಮಗಳಿಗೂ ಅದೇ ವಿದ್ಯೆ ಹತ್ತಿತ್ತು, ಶಾಲೆಯ ತಂಡದಲ್ಲಿ ಜಾಗವೂ ಸಿಕ್ಕಿತ್ತು. ಆದರೆ ತಾತನ ಕನ್ನಡಕ ಸಕ್ಕರೆ ಡಬ್ಬದಲ್ಲಿ, ಚಪ್ಪಲಿ ಫ್ರಿಜ್ಜಿನಲ್ಲಿ ಸಿಗತೊಡಗಿದ ಮೇಲೆ, ತಲೆಗೆ ಬಡಿದ ಚೆಂಡೇ ಇದಕ್ಕೆಲ್ಲ ಕಾರಣವೆಂದು ಅಮ್ಮ ಚೆಂಡು ಕಂಡರೆ ಉರಿದುಬೀಳುತ್ತಿದ್ದಳು. ಹುಡುಗಿ ಅತ್ತು ಕರೆದು ರಂಪ ಮಾಡಿದ ಮೇಲೆ ಮನೆಯಲ್ಲಿ ಒಂದು ಒಪ್ಪಂದವಾಗಿತ್ತು. ತಾತ ಪರೀಕ್ಷೆ ಪಾಸಾದರೆ ಮೊಮ್ಮಗಳು ಚೆಂಡಿಗೆ ತಲೆ ಕೊಡಬಹುದು, ಇಲ್ಲದಿದ್ದರೆ ಇಲ್ಲ.

ಡಾಕ್ಟರಮ್ಮ ಹಳೆಯ ಕಾಗದ ತಿರುವಿ ಹುಬ್ಬೇರಿಸಿದರು. "ಅರೆ, ಇವು ಹೋದ ಸಲದ ಪದಗಳು! ಆವತ್ತು ಒಂದೂ ಹೇಳೋಕಾಗಿರಲಿಲ್ಲ. ಇಷ್ಟು ತಿಂಗಳಾದ ಮೇಲೂ ನೆನಪಿದೆಯಾ?"

"ನನ್ನ ನೆನಪಿಗೇನು ಧಾಡಿ?" ತಾತ ಹಣೆ ಬಡಿದು ತೋರಿಸಿದ. "ಮಳೇಲಿ ನೆಂದು ಕಲ್ಲಾಗಿರ್ತಿದ್ದ ತೊಗಲಿನ ಚೆಂಡು, ಡಾಕ್ಟ್ರೇ. ಇದಕ್ಕೆ ಬಡಿದ್ರೆ ಚೆಂಡಿಗೇ ತಲೆನೋವು ಬರ್ತಿತ್ತು."

ಡಾಕ್ಟರಮ್ಮ ನಕ್ಕು ಪೆನ್ನು ಎತ್ತಿಕೊಂಡರು. "ಹಾಗಾದ್ರೆ ತಲೆ ಸ್ಕ್ಯಾನಿಂಗ್ ಸದ್ಯಕ್ಕೆ ಬೇಡ. ಮುಂದಿನ ವರ್ಷ ಬನ್ನಿ, ಸಾಕು." ಹಿಂದೆ ಕುಳಿತಿದ್ದ ಅಮ್ಮನ ಮುಖ ಅರಳಿತು. ಮಗಳ ಕಡೆ ತಿರುಗಿ, "ಆಯ್ತು ಬಿಡೇ, ಆಡ್ಕೋ ಹೋಗು," ಎಂದಳು.

ರೊಟ್ಟಿ ಜಾರಿ ತುಪ್ಪದಲ್ಲಿ ಬಿದ್ದಿತ್ತು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಆ ಪಾಠವನ್ನು ದಿನಾ ಬೆಳಿಗ್ಗೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. "ಯಾವ ಗುಲಾಬಿನೇ?" ಎಂದು ತಾತ ದಿನವೂ ಕೇಳುತ್ತಿದ್ದ. ಮೊದಮೊದಲು ನಗು ಬಂದಿತ್ತು, ಆಮೇಲೆ ಹೆದರಿಕೆಯಾಗಿತ್ತು. ಈಗಲೂ ಹೆದರಿಕೆಯೇ ಆಯಿತು.

"ನಾನು ಹೇಳಿಕೊಟ್ಟಿದ್ದು, ಡಾಕ್ಟರಾಂಟಿ. ಬೇರೆ ಪದ ಕೇಳಿ."

"ಮನೆಹಾಳಿ!" ತಾತ ಗುಡುಗಿದ. "ನಮ್ಮ ಗೋಲಿಗೇ ಹೊಡೆದ್ಯಲ್ಲೇ!"

ಡಾಕ್ಟರಮ್ಮ ಬೇರೆ ಪದಗಳನ್ನು ಹೇಳಿದರು. ಬಾಚಣಿಗೆ, ಆನೆ, ದೀಪ, ಮೋಡ, ಏಣಿ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿಸಿ, ಈಗ ಹೇಳಿ ಎಂದರು. ತಾತ ಗಂಟಲು ಸರಿಮಾಡಿಕೊಂಡು ಗುಲಾಬಿಯಿಂದ ಕಿಟಕಿಯವರೆಗೆ ಒಂದೂ ಬಿಡದೆ ಒಪ್ಪಿಸಿ, ಗೆದ್ದವನಂತೆ ಎಲ್ಲರ ಮುಖ ನೋಡಿದ. ಯಾರೂ ನಗಲಿಲ್ಲ.

"ಚೆಂಡಿನಿಂದಲೇ ಹೀಗಾಯ್ತು ಅಂತ ನಾನು ಆಣೆ ಮಾಡಿ ಹೇಳೋಕಾಗಲ್ಲ," ಎಂದು ಡಾಕ್ಟರಮ್ಮ ಅಮ್ಮನಿಗೆ ಮೆಲ್ಲಗೆ ಹೇಳಿದರು. "ಆದ್ರೆ ವರ್ಷಗಟ್ಟಲೆ ತಲೆ ಕೊಟ್ಟು ಆಡಿದವರಲ್ಲಿ ಇದು ಜಾಸ್ತಿ ಕಾಣ್ತಿದೆ. ಸ್ಕ್ಯಾನ್ ಮಾಡಿಸೋಣ. ಮಗು ಧಾರಾಳವಾಗಿ ಆಡ್ಲಿ, ತಲೆ ಮಾತ್ರ ಬೇಡ."

ಹೊರಗೆ ಮೆಟ್ಟಿಲಿಳಿಯುವಾಗ ಅಮ್ಮ ಮಗಳ ಬೆನ್ನು ಸವರಿದಳು. ಹುಡುಗಿ ಕಣ್ಣೊರೆಸಿಕೊಂಡು, "ನಾನು ಗೋಲ್‌ಕೀಪರ್ ಆಗ್ತೀನಿ," ಎಂದಳು.

"ಗೋಲ್‌ಕೀಪರಾ?" ತಾತ ಅಲ್ಲೇ ನಿಂತುಬಿಟ್ಟ. "ಸುತ್ತಿಗೆ ಮೊಮ್ಮಗಳಾಗಿ ಚೆಂಡನ್ನ ಕೈಯಲ್ಲಿ ಹಿಡಿಯೋದಾ? ನಮ್ಮ ವಂಶದಲ್ಲೇ ಇಲ್ಲ!" ಬಸ್ ಹತ್ತಿದರೂ ಅವನ ಕೋಪ ಇಳಿಯಲಿಲ್ಲ. ಮನೆಯಲ್ಲೂ ಮುಖ ಊದಿಸಿಕೊಂಡೇ ಊಟ ಮಾಡಿ ಮಲಗಿದ.

ಮರುದಿನ ಬೆಳಿಗ್ಗೆ ಶೂ ಕಟ್ಟುತ್ತಿದ್ದ ಮೊಮ್ಮಗಳನ್ನು ಕಂಡು ತಾತ ಹಿಗ್ಗಿಹೋದ. "ಸೆಂಟರ್ ಫಾರ್ವರ್ಡ್ ತಾನೆ?"

"ಇಲ್ಲ ತಾತ. ಗೋಲ್‌ಕೀಪರ್."

"ಗೋಲ್‌ಕೀಪರಾ?" ತಾತ ಕೈಯಲ್ಲಿದ್ದ ಲೋಟವನ್ನು ಮೇಜಿಗೆ ಕುಕ್ಕಿದ. "ಸುತ್ತಿಗೆ ಮೊಮ್ಮಗಳಾಗಿ..."

ಅವಳು ಎದ್ದು ಹೋಗದೆ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡಳು. 'ಮೊಮ್ಮಗಳು' ಎಂಬ ಪದ ಅದರಲ್ಲಿ ಇನ್ನೂ ಇತ್ತು.