ಹಿಡಿ ಒಲೆಮಣ್ಣು

ಹಿಂದೆಲ್ಲ ಬೆಂಕಿಹೂ ಸುಟ್ಟ ನೆಲದಲ್ಲಿ ಹುಟ್ಟುತ್ತಿತ್ತಂತೆ. ಹುಲಿಗೆಮ್ಮ ಕಣ್ಣು ಬಿಟ್ಟಾಗಿನಿಂದ ಅದು ಮುಂದೆ ಸುಡಲಿರುವ ನೆಲದಲ್ಲಿ ಹುಟ್ಟುತ್ತದೆ. ಅಂಗಳದಲ್ಲಿ ಅದರ ನೇರಳೆ ಮೊಗ್ಗು ಕಂಡರೆ ವಾರದೊಳಗೆ ಮನೆ ಬಿಡಬೇಕು. ಕಿತ್ತರೆ ಬೆಂಕಿ ಆ ಹೊತ್ತಿಗೇ ಬರುತ್ತದೆ. ಹೀಗೆ ಊರೂರು ಬಿಟ್ಟವರು ಈಗ ಈ ಬೋಳುಬಂಡೆಯ ಗುಡ್ಡ ಹತ್ತಿದ್ದರು.

"ಇಲ್ಲಿ ಮಣ್ಣ ಇಲ್ಲ. ಎಲ್ಲಿಂದ ಹುಟ್ಟತೈತಿ ಅದು?" ಎನ್ನುತ್ತ ಗಂಡ ಯಮನೂರಪ್ಪ ತಾಡಪತ್ರಿ ಕಟ್ಟಿದ. ಮಗಳು ಬಹಳ ದಿನಗಳ ಮೇಲೆ ಚಪ್ಪಲಿ ಬಿಚ್ಚಿ ಮಲಗಿದಳು.

ಅತ್ತೆ ಈರವ್ವ ಒಲೆ ಹೂಡಲು ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಬಿಟ್ಟ ಮನೆಯ ಒಲೆಯಿಂದ ಹಿಡಿ ಮಣ್ಣು ತಂದು ಸೇರಿಸದೆ ಹೊಸ ಒಲೆ ಹಚ್ಚುವ ಪದ್ಧತಿ ಈ ಸೀಮೆಯಲ್ಲೇ ಇಲ್ಲ.

ಮಡಕೆಯ ಮಣ್ಣಿನಲ್ಲಿ ನೇರಳೆ ಮೊಗ್ಗು ತಲೆಯೆತ್ತಿತ್ತು.

"ನಾನ ಹೊತ್ಕೊಂಡ ಬಂದ್ನಲ್ಲಬೇ ಯವ್ವಾ!" ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಕೆಳಗ ಒಗಿ ಅದನ್ನ!" ಯಮನೂರಪ್ಪ ಚೀರಿದ.

"ಕೆಳಗೂ ಮಂದಿ ಅದಾರ. ಅವರಿಗೂ ಮಕ್ಕಳದಾವು," ಎಂದು ಹುಲಿಗೆಮ್ಮ ಮಡಕೆ ಎತ್ತಿಕೊಂಡಳು. "ಯಾರೂ ಇಲ್ಲದ ಕಡೆ ಇಟ್ಟ ಬರ್ತೀನಿ. ಮಗಳನ್ನ ಎಬ್ಬಿಸಬ್ಯಾಡ್ರಿ."

ಬಂಡೆಯ ತುದಿಗೆ ಬಂದು ಮೂಡಣಕ್ಕೆ ನೋಡಿದಳು, ಪಡುವಣಕ್ಕೆ ನೋಡಿದಳು. ಸಂಜೆಯ ಹೊತ್ತು. ಕಣ್ಣು ಹಾಯುವಷ್ಟು ದೂರಕ್ಕೂ ಗುಳೆ ಬಂದವರ ಹೊಸ ಒಲೆಗಳು ಹೊಗೆಯಾಡುತ್ತಿದ್ದವು. ಒಂದೊಂದು ಒಲೆಗೂ ಬಿಟ್ಟುಬಂದ ಮನೆಯ ಹಿಡಿ ಮಣ್ಣು ಬಿದ್ದಿತ್ತು.